ಮೊದಲು ಕಾರ್ಡ್ ಮಾಡಿಸಿ, ಆಮೇಲೆ ಊರವರ ಮಾತು ಕೇಳಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಮಗು ಹಣೆ ಮೇಲೆ ಅಂಗವಿಕಲ ಅಂತ ಯಾಕ್ರೀ ಸೀಲ್ ಹೊಡೆಸ್ತೀರಾ? ಕಾಯಿರಿ, ಸರಿಹೋಗುತ್ತೆ." ಕಾಯೋದಾ? ಮಗು ಏನು ಮಾವಿನಕಾಯಾ ಸ್ವಾಮಿ, ಹುಲ್ಲಲ್ಲಿ ಮುಚ್ಚಿಟ್ರೆ ಹಣ್ಣಾಗಕ್ಕೆ?

ನಾನು ಹೇಳೋದು ಒಂದೇ. ಡಾಕ್ಟರು ಆಟಿಸಂ ಅಂತ ಬರೆದುಕೊಟ್ರಾ? ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಥೆರಪಿ ಶುರು ಮಾಡಕ್ಕೆ ಕಾರ್ಡ್ ಬೇಕಿಲ್ಲ, ಅದಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ತೊಂದರೆ ನೋಡೋ ಡಿಇಐಸಿ ಕೇಂದ್ರಕ್ಕೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ, ನಿಮ್ಹಾನ್ಸಿಗೋ ಇವತ್ತೇ ಹೋಗಿ. ಕಾರ್ಡ್ ಅದರ ಜೊತೆಜೊತೆಗೇ ಆಗಲಿ.

ಅರ್ಜಿ ಹಾಕೋದು ಸ್ವಾವಲಂಬನ್ ಪೋರ್ಟಲಲ್ಲಿ. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ ಇಟ್ಕೊಳ್ಳಿ. ಸೈಬರ್ ಸೆಂಟರಿನ ಹುಡುಗನ ಪಕ್ಕ ಕೂತು ಸ್ಕ್ರೀನ್ ನೋಡಿ. ಅಂಗವೈಕಲ್ಯದ ವಿಧ ಅಂತ ಒಂದು ಪಟ್ಟಿ ಬರುತ್ತೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ವಿಧ ಇದೆ. ಅವನು ಅವಸರದಲ್ಲಿ ಆಟಿಸಂ ಬದಲು ಮಾನಸಿಕ ಅಸ್ವಸ್ಥತೆ ಒತ್ತಿಬಿಟ್ರೆ ಮುಗೀತು, ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಸಿಗಲ್ಲ. ಆ ವಿಮೆ ಇರೋದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರೋರಿಗೆ ಮಾತ್ರ.

ಅರ್ಜಿ ಹಾಕಿದ ಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಆಟಿಸಂ ಅಳೆಯೋ ಐಸಾ ಅನ್ನೋ ಪರೀಕ್ಷೆಯಲ್ಲಿ 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದ್ರೆ ಆಟಿಸಂ ಇಲ್ಲ ಅಂತ ಲೆಕ್ಕ. ನಮ್ಮ ಅಪ್ಪ-ಅಮ್ಮಂದಿರು ಏನ್ಮಾಡ್ತಾರೆ? ಮಗೂಗೆ ಹೊಸ ಬಟ್ಟೆ ಹಾಕಿ, ಪೌಡರ್ ಬಳಿದು, "ಎಲ್ಲಾ ಮಾಡ್ತಾನೆ ಸಾರ್, ತುಂಬಾ ಜಾಣ" ಅಂತಾರೆ. ಹೆಣ್ಣು ನೋಡೋ ಶಾಸ್ತ್ರ ಅಲ್ಲ ಕಣ್ರೀ ಅದು! ಸುಳ್ಳು ಸೇರಿಸೋದು ಬೇಡ, ಇರೋದನ್ನ ಮುಚ್ಚಿಡೋದೂ ಬೇಡ. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಕೊಂಡು ಅಳೋದು, ಹೆಸರು ಕರೆದ್ರೂ ತಿರುಗದೇ ಇರೋದು, ಎರಡೆರಡು ನಿಮಿಷ ಮೊಬೈಲಲ್ಲಿ ಹಿಡಿದು ತಗೊಂಡು ಹೋಗಿ.

"ಡಾಕ್ಟರು ಬರೆಯೋ ಅಂಗವೈಕಲ್ಯ 40 ಪರ್ಸೆಂಟ್ ಬರದಿದ್ರೆ?" ಬಿಳಿ ಕಾರ್ಡ್ ಬರುತ್ತೆ, ಹೆಚ್ಚಿನ ಸೌಲಭ್ಯ ಸಿಗಲ್ಲ. 40 ಆದ್ರೆ ಹಳದಿ, 80 ಆದ್ರೆ ನೀಲಿ. ಕೈಗೆ ಬಂದ ತಕ್ಷಣ ಅವಧಿ ಮುಗಿಯೋ ದಿನಾಂಕ ನೋಡಿ. ಮಕ್ಕಳದ್ದು ಎಷ್ಟೋ ಸಲ ತಾತ್ಕಾಲಿಕ, ಅದು ಮುಗಿದಿರೋದು ಗೊತ್ತಾಗೋದೇ ಶಾಲೆ ಅಡ್ಮಿಷನ್ ದಿನ.

ಈ ನಡುವೆ ಬೆಲ್ ಒತ್ತಿ, ದೇವಸ್ಥಾನದ್ದಲ್ಲ, ನಮ್ದು.

"ಕಾರ್ಡಿಂದ ಏನು ಕಡಿದು ಕಟ್ಟೆ ಹಾಕ್ತೀರಾ" ಅಂತ ಇನ್ನೊಬ್ಬರು. ಕೇಳಿ! ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ವಿಮೆ. ಸೇರೋಕೆ ಬಿಪಿಎಲ್‌ನವರಿಗೆ 250 ರೂಪಾಯಿ, ಬೇರೆಯವರಿಗೆ 500. ಥೆರಪಿ ಬಿಲ್ಲೂ ಕೇಳಬಹುದು, ಆದ್ರೆ ಡಾಕ್ಟರ ಚೀಟಿ ಇಲ್ಲದ ಬಿಲ್ ಕಳಿಸಿದ್ರೆ ವಾಪಸ್ ಬರುತ್ತೆ. ಹಳೇ ತೆರಿಗೆ ಪದ್ಧತಿಯಲ್ಲಿರೋ ಪೋಷಕರ ಆದಾಯದಲ್ಲಿ 75,000 ರೂಪಾಯಿ ಕಡಿತ, 80 ಪರ್ಸೆಂಟ್ ಆದ್ರೆ 1,25,000. 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿರೋ ಮಗೂಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಲ್ಲೇ ಇದೆ. ಕಟ್ಟೆ ಕಾಣಿಸ್ತಾ?

ಹಳ್ಳಿಯವರು "ಯಾರನ್ನ ಕೇಳೋದು" ಅಂತೀರಿ. ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ. ಪಿಡಿಒ ಹತ್ರ ನಂಬರ್ ಇಸ್ಕೊಳ್ಳಿ. ಶಾಲೆ ವಿಷಯಕ್ಕೆ ಬಿಇಒ ಕಚೇರಿಯಲ್ಲಿ ವಿಶೇಷ ಮಕ್ಕಳಿಗೆ ಅಂತಿರೋ ಬಿಐಇಆರ್‌ಟಿ ಟೀಚರ್ ಯಾರು ಅಂತ ಕೇಳಿ.

ಹಣೆಪಟ್ಟಿಯಂತೆ! ಕಾರ್ಡ್ ಇರೋದು ನಿಮ್ಮ ಬೀರುವಿನೊಳಗೆ, ಮಗು ಕುತ್ತಿಗೇಲಲ್ಲ. ಮಾಡಿಸಿ. ಯಾಕೆ ಅಂದ್ರೆ... ಮಾಡಿಸಿ ಅಂದ್ರೆ ಮಾಡಿಸಿ, ಅಷ್ಟೇ! ಮುಂದಿನ ವಾರ ಬಿಲ್ ಫೈಲ್ ಮಾಡೋದು ತೋರಿಸ್ತೀನಿ, ಪಂಚಿಂಗ್ ಮಷೀನ್ ಹಿಡ್ಕೊಂಡು ಬನ್ನಿ. ಆ ಸೀಲ್ ಕಾಮೆಂಟ್ ಪಿನ್ ಮಾಡಿದೀನಿ, ಮೇಲೇ ಇರಲಿ.