ಅಸೀಲಾದ ಗೋಡೆಗಳಿಗೆ ಬಣ್ಣ ಬಳಿದವರು

ಕೇಳುಗರಿಗೆಲ್ಲ ನಮಸ್ಕಾರ.

ಮಾನ್ಸೂನ್ ಅನ್ನುವ ಪದ ನಮಗೆ ಹೊಸದೇನಲ್ಲ. ಜೂನ್ ಹತ್ತಿರ ಬಂತೆಂದರೆ ಈ ರೇಡಿಯೊದಲ್ಲೂ ಅದೇ ಮಾತು. ಆ ಪದ ಹುಟ್ಟಿದ್ದು ಅರಬ್ಬಿ ಭಾಷೆಯಲ್ಲಿ. ಅಲ್ಲಿ ಅದು 'ಮೌಸಿಮ್'. ಅಂದರೆ ಕಾಲ, ಹಂಗಾಮು. ಗಾಳಿ ತಿರುಗುವ ಹಂಗಾಮಿಗೆ ಅರಬ್ ನಾವಿಕರು ಕಾದು ಕೂರುತ್ತಿದ್ದರು. ಆ ಗಾಳಿ ಹಿಡಿದೇ ನಮ್ಮ ಮಂಗಳೂರು, ಭಟ್ಕಳ, ಹೊನ್ನಾವರದ ಕಡೆಗೆ ಬರುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಪದ ಒಂದಿಷ್ಟು ಬದಲಾಯಿತು, ಇಂಗ್ಲಿಷರ ಬಾಯಲ್ಲಿ ಇನ್ನಷ್ಟು. ಹಿಂದಿ ಹಾಡುಗಳಲ್ಲಿ ನಾವು ಕೇಳುವ 'ಮೌಸಮ್' ಕೂಡ ಇದೇ ಪದ.

ಆಫ್ರಿಕಾದ ವಾಯವ್ಯ ಮೂಲೆಯ ಮೊರಾಕ್ಕೊ ದೇಶದಲ್ಲಿ ಇದೇ ಪದ 'ಮೂಸೆಮ್' ಆಗಿದೆ. ಅಲ್ಲಿ ಅದಕ್ಕೆ ಜಾತ್ರೆ ಅಂತ ಅರ್ಥ. ವರ್ಷಕ್ಕೊಮ್ಮೆ ಯಾವುದಾದರೂ ಸಂತರ ಗೋರಿಯ ಬಳಿ ಸುತ್ತಮುತ್ತಲ ಹಳ್ಳಿಯವರೆಲ್ಲ ಸೇರುತ್ತಾರೆ. ಸಂತೆ, ಕುದುರೆ ಸವಾರಿ, ಹಾಡು, ಊಟ ಎಲ್ಲ ಇರುತ್ತದೆ. ನಮ್ಮ ಕಡೆಯ ಉರುಸಿನ ಹಾಗೇ ಅನ್ನಿ. ಇವತ್ತು ನಾನು ಹೇಳಹೊರಟಿರುವ ಮೂಸೆಮ್ ಕೂಡ ಒಂದು ಜಾತ್ರೆಯೇ. ಚಿತ್ರ, ಕವಿತೆ, ಸಂಗೀತದ ಜಾತ್ರೆ. ನಡೆಯುವುದು ಅಸೀಲಾ ಎಂಬ ಊರಿನಲ್ಲಿ. ಆ ಜಾತ್ರೆಗಿಂತ ಜಾಸ್ತಿ ಅದನ್ನು ಕಟ್ಟಿದವರ ಬಗ್ಗೆ ಹೇಳಬೇಕು ಅಂತ ನನ್ನ ಆಸೆ.

ಮೊರಾಕ್ಕೊದ ಉತ್ತರ ತುದಿಯಲ್ಲಿ ತಾಂಜಿಯರ್ ಎಂಬ ಬಂದರು ನಗರವಿದೆ. ಇಬ್ನ್ ಬತೂತಾ ಹುಟ್ಟಿದ್ದು ಅಲ್ಲೇ. 14ನೇ ಶತಮಾನದಲ್ಲಿ ಅಷ್ಟು ದೂರದಿಂದ ನಮ್ಮ ಕರಾವಳಿಗೆ ಬಂದ ಯಾತ್ರಿಕ ಅವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಎಂದು ಬರೆದಿಟ್ಟ. ಅವನ ಆ ಊರಿನಿಂದ ಅಟ್ಲಾಂಟಿಕ್ ದಂಡೆ ಹಿಡಿದು ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಅಸೀಲಾ ಸಿಗುತ್ತದೆ. ಪುಟ್ಟ ಊರು. ಸುತ್ತ ಕೋಟೆ. 1471ರಲ್ಲಿ ಪೋರ್ಚುಗೀಸರು ಊರನ್ನು ಹಿಡಿದ ಮೇಲೆ ಕಟ್ಟಿಸಿದ್ದು. ಕೋಟೆಯೊಳಗೆ ಕಿರಿದಾದ ಗಲ್ಲಿಗಳು, ಸುಣ್ಣ ಬಳಿದ ಬಿಳಿ ಮನೆಗಳು. ಗೋಡೆಯ ಕೆಳಭಾಗಕ್ಕೆ ಅಲ್ಲಲ್ಲಿ ನೀಲಿ ಅಥವಾ ಹಸಿರು ಪಟ್ಟಿ. ಪಶ್ಚಿಮದ ಕೋಟೆಗೋಡೆಗೆ ಸಮುದ್ರದ ಅಲೆ ಬಂದು ಬಡಿಯುತ್ತದೆ.

ಈ ಊರಲ್ಲಿ ಇಬ್ಬರು ಹುಡುಗರು ಹುಟ್ಟಿದರು. 1936ರಲ್ಲಿ ಮೊಹಮ್ಮದ್ ಮೆಲೇಹಿ. 1937ರ ಜನವರಿಯಲ್ಲಿ ಮೊಹಮ್ಮದ್ ಬೆನೈಸ್ಸಾ. ಒಂದೇ ವಾರಿಗೆಯವರು. ಆಗ ಆ ಭಾಗ ಸ್ಪೇನಿನ ಕೈಯಲ್ಲಿತ್ತು. ಓದಿಗಾಗಿ ಇಬ್ಬರೂ ಊರು ಬಿಟ್ಟರು. ಬೆನೈಸ್ಸಾ ಅಮೆರಿಕದ ಮಿನೆಸೋಟದಲ್ಲಿ ಓದಿದರು. ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಕ್ಯಾಮೆರಾ ಅಂದರೆ ಅವರಿಗೆ ಪ್ರಾಣ. ಮೆಲೇಹಿ ಚಿತ್ರಕಲೆ ಹಿಡಿದರು. ತೆತುವಾನ್, ಸೆವಿಲ್, ಮ್ಯಾಡ್ರಿಡ್, ರೋಮ್, ಕೊನೆಗೆ ನ್ಯೂಯಾರ್ಕ್ ತನಕ ಹೋಗಿ ಕಲಿತರು.

ಅಲ್ಲೇ ಉಳಿಯಬಹುದಿತ್ತು, ಅಲ್ವಾ? ಮೆಲೇಹಿ 1964ರಲ್ಲಿ ಮೊರಾಕ್ಕೊಗೆ ವಾಪಸ್ಸು ಬಂದರು. ಕಾಸಾಬ್ಲಾಂಕಾದ ಕಲಾಶಾಲೆಯಲ್ಲಿ ಮೇಷ್ಟ್ರಾದರು. ಆ ಶಾಲೆಯನ್ನು ಆಗ ನಡೆಸುತ್ತಿದ್ದವರು ಫರೀದ್ ಬೆಲ್ಕಾಹಿಯಾ ಎಂಬ ಚಿತ್ರಕಾರ. ಇಟಲಿಯ ತೋನಿ ಮರೈನಿ ಅಲ್ಲಿ ಕಲೆಯ ಇತಿಹಾಸ ಹೇಳಿಕೊಡುತ್ತಿದ್ದರು. ಯುರೋಪಿನ ಚಿತ್ರಗಳನ್ನು ನಕಲು ಮಾಡಿಸುವುದು ಸಾಕು ಅಂತ ಇವರಿಗೆಲ್ಲ ಅನ್ನಿಸಿತ್ತು. ನಮ್ಮ ಅಜ್ಜಿ ನೇಯ್ದ ಜಮಖಾನೆ ನೋಡಿ, ಹಳ್ಳಿ ಮಸೀದಿಯ ಒಳಚಾವಣಿಯ ಬಣ್ಣ ನೋಡಿ, ಬೆಳ್ಳಿ ಒಡವೆ ನೋಡಿ, ಕಲೆ ಅಲ್ಲೂ ಇದೆ ಎಂದು ಹುಡುಗರಿಗೆ ಹೇಳಿಕೊಟ್ಟರು.

1969ರಲ್ಲಿ ಈ ಗುಂಪಿನ ಆರು ಜನ ಸೇರಿ ಒಂದು ಕೆಲಸ ಮಾಡಿದರು. ಮರ್ರಾಕೇಶಿನ ಜೆಮಾ ಎಲ್ ಫ್ನಾ ಎಂಬ ದೊಡ್ಡ ಬಯಲಿಗೆ ತಮ್ಮ ಚಿತ್ರಗಳನ್ನು ಹೊತ್ತು ತಂದು ಬಿಸಿಲಲ್ಲೇ ತೂಗುಹಾಕಿದರು. ಹಾವಾಡಿಗರು, ಕತೆ ಹೇಳುವವರು, ಕಿತ್ತಳೆ ರಸ ಮಾರುವವರು ಇರುವ ಜಾಗ ಅದು. ಸರ್ಕಾರ ನಡೆಸುತ್ತಿದ್ದ ಕಲಾಪ್ರದರ್ಶನದ ರೀತಿ ಅವರಿಗೆ ಒಪ್ಪಿಗೆ ಇರಲಿಲ್ಲ. ಚಿತ್ರ ನೋಡಲು ಜನ ಬರಲಿ ಎಂದು ಕಾಯುವ ಬದಲು ಜನ ಇರುವಲ್ಲಿಗೆ ಚಿತ್ರವೇ ಹೋಗಲಿ ಅಂದರು. ಅಸೀಲಾದ ಹಬ್ಬದ ಬೀಜ ಬಿದ್ದದ್ದು ಆ ಬಯಲಿನಲ್ಲೇ ಅಂತ ನನಗೆ ಅನ್ನಿಸುತ್ತದೆ.

1970ರ ದಶಕದಲ್ಲಿ ಮೆಲೇಹಿ, ಬೆನೈಸ್ಸಾ ಇಬ್ಬರೂ ತಮ್ಮ ಊರನ್ನು ಮತ್ತೆ ನೋಡಿದರು. ಕೋಟೆಗೋಡೆ ಅಲ್ಲಲ್ಲಿ ಕುಸಿದಿತ್ತು. ಬೀದಿಯಲ್ಲಿ ಕಸದ ರಾಶಿ, ಚರಂಡಿಯ ತಾಪತ್ರಯ. ಕೆಲಸ ಇಲ್ಲದೆ ಹುಡುಗರು ಊರು ಬಿಡುತ್ತಿದ್ದರು. ಇಬ್ಬರೂ ಪುರಸಭೆ ಚುನಾವಣೆಗೆ ನಿಂತರು. ಗೆದ್ದೂ ಬಂದರು. ಈ ವಿಷಯ ನನಗೆ ತುಂಬಾ ಇಷ್ಟ. ನ್ಯೂಯಾರ್ಕ್ ನೋಡಿ ಬಂದ ಚಿತ್ರಕಾರರೊಬ್ಬರು ಪುರಸಭೆ ಮೀಟಿಂಗಿನಲ್ಲಿ ಕೂತು ಕಸ, ಚರಂಡಿ, ನೀರಿನ ಮಾತಾಡುವುದು ಸಣ್ಣ ಸಂಗತಿಯಲ್ಲ.

ಕೈಯಲ್ಲಿ ದುಡ್ಡು ಹೆಚ್ಚಿರಲಿಲ್ಲ. ಇದ್ದದ್ದು ಗೋಡೆ ಮತ್ತು ಸ್ನೇಹಿತರು. 1978ರ ವಸಂತದಲ್ಲಿ ಮೆಲೇಹಿ ತಮ್ಮ ಚಿತ್ರಕಾರ ಗೆಳೆಯರನ್ನು ಕರೆದರು. ಮೊಹಮ್ಮದ್ ಶೆಬ್ಬಾ ಬಂದರು, ಮೊಹಮ್ಮದ್ ಹಮೀದಿ ಬಂದರು, ಇನ್ನೂ ಹಲವರು ಬಂದರು. ಕೋಟೆಯೊಳಗಿನ ಮನೆಗಳ ಗೋಡೆಗಳ ಮೇಲೆ ಚಿತ್ರ ಬರೆದರು. ಅದೇ ಬೇಸಿಗೆಯಲ್ಲಿ ಮೊದಲ ಮೂಸೆಮ್ ನಡೆಯಿತು. ಅದನ್ನು ನಡೆಸಲು ಮೆಲೇಹಿ, ಬೆನೈಸ್ಸಾ ಸೇರಿ ಕಟ್ಟಿದ ಸಂಘದ ಹೆಸರು ಅಲ್ ಮುಹೀತ್. ಮಹಾಸಾಗರ ಅಂತ ಅರ್ಥ.

ಒಂದು ಗೋಡೆಯ ಹತ್ತಿರ ಹೋಗಿ ನೋಡೋಣ. ಮೆಲೇಹಿಯವರ ಗುರುತು ಅಲೆ. ಕ್ಯಾನ್ವಾಸ್ ಇರಲಿ, ಗೋಡೆ ಇರಲಿ, ಅವರ ಅಲೆ ಬಂದೇ ಬರುತ್ತದೆ. ಒಂದರ ಪಕ್ಕ ಒಂದು ಅಗಲವಾದ ಪಟ್ಟಿ. ನೀಲಿ, ಕೆಂಪು, ಹಳದಿ, ಹಸಿರು. ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅಂಚು ಎಲ್ಲೂ ಕಲಸಿಲ್ಲ, ಚಾಕುವಿನಲ್ಲಿ ಕೊಯ್ದ ಹಾಗಿದೆ. ಅದರ ಹಿಂದೆ ಸುಣ್ಣದ ಬಿಳುಪು. ಪಕ್ಕದಲ್ಲಿ ಒಂದು ಮರದ ಬಾಗಿಲು. ಬಾಗಿಲು ತೆಗೆದು ಆ ಮನೆಯ ಹೆಂಗಸು ನೀರು ಚೆಲ್ಲಬಹುದು, ಮಕ್ಕಳು ಚೆಂಡನ್ನು ಚಿತ್ರಕ್ಕೇ ಒದೆಯಬಹುದು. 'ಮುಟ್ಟಬೇಡಿ' ಎಂಬ ಬೋರ್ಡು ಅಲ್ಲಿಗೆ ಹೊಂದುವುದಿಲ್ಲ.

ಇನ್ನು ಉಪ್ಪುಗಾಳಿ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ಗಾಳಿ ಯಾವ ಬಣ್ಣವನ್ನೂ ಸುಮ್ನೆ ಬಿಡುವುದಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರ ಹೊಪ್ಪಳಿಕೆ ಏಳುತ್ತದೆ, ಮಾಸುತ್ತದೆ. ಅಸೀಲಾದವರು ಅದಕ್ಕೆ ಒಂದು ದಾರಿ ಕಂಡುಕೊಂಡರು. ಹಬ್ಬ ಹತ್ತಿರ ಬಂದಾಗ ಹಳೆಯ ಚಿತ್ರಗಳ ಮೇಲೆ ಸುಣ್ಣ ಬಳಿಯುತ್ತಾರೆ. ಗೋಡೆ ಮತ್ತೆ ಬಿಳಿಯಾಗುತ್ತದೆ. ಆ ವರ್ಷ ಬಂದವರು ಅದರ ಮೇಲೆ ಹೊಸದಾಗಿ ಬರೆಯುತ್ತಾರೆ.

ಬರೆಯುವವರಿಗೆ ಇದು ಮೊದಲೇ ಗೊತ್ತು. ವಾರಗಟ್ಟಲೆ ಏಣಿಯ ಮೇಲೆ ನಿಂತು ಬಿಡಿಸಿದ್ದು ಮುಂದಿನ ಹಬ್ಬದ ಹೊತ್ತಿಗೆ ಇರುವುದಿಲ್ಲ. ಅದನ್ನು ಮಾರಲೂ ಆಗದು, ಮನೆಗೆ ಒಯ್ಯಲೂ ಆಗದು. ಹಾಗಿದ್ದೂ ಬರುತ್ತಾರೆ. ದೊಡ್ಡ ಹೆಸರಿನವರೂ ಬರುತ್ತಾರೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ರಂಗೋಲಿ ಹಾಕುವ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಕೋಟೆಯೊಳಗೆ ಸಮುದ್ರಕ್ಕೆ ಮುಖ ಮಾಡಿ ಒಂದು ಅರಮನೆ ಇದೆ. ರೈಸೂನಿ ಎಂಬ ಪಾಳೆಯಗಾರ 20ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಸಿರಿವಂತರನ್ನು ಅಪಹರಿಸಿ ಹಣ ಕೀಳುವುದರಲ್ಲಿ ಅವನು ಹೆಸರುವಾಸಿ. ಶಿಕ್ಷೆಯಾದವರನ್ನು ಆ ಅರಮನೆಯ ಎತ್ತರದಿಂದ ಬಂಡೆಗಳ ಮೇಲೆ ಹಾರಿಸುತ್ತಿದ್ದ ಎಂಬ ಕತೆಯೂ ಇದೆ. ಅಂಥ ಮನೆಯನ್ನೇ ದುರಸ್ತಿ ಮಾಡಿ ಹಬ್ಬದ ಮನೆಯಾಗಿ ಮಾಡಿದರು. ಈಗ ಅದರ ಹೆಸರು ಸಂಸ್ಕೃತಿಯ ಅರಮನೆ.

ಹಬ್ಬದ ಎಚಿಂಗ್ ಕಾರ್ಯಾಗಾರ, ಅಂದರೆ ತಗಡಿನ ಮೇಲೆ ಚಿತ್ರ ಗೀರಿ ಕಾಗದಕ್ಕೆ ಅಚ್ಚು ಒತ್ತುವ ಕೆಲಸದ ಬಗ್ಗೆ ಹೇಳಲೇಬೇಕು. ನ್ಯೂಯಾರ್ಕಿನಲ್ಲಿ ರಾಬರ್ಟ್ ಬ್ಲ್ಯಾಕ್‌ಬರ್ನ್ ಎಂಬ ಕಪ್ಪು ಕಲಾವಿದರು ಎಲ್ಲರಿಗೂ ತೆರೆದಿದ್ದ ಒಂದು ಅಚ್ಚಿನ ಮನೆ ನಡೆಸುತ್ತಿದ್ದರು. ಸುಡಾನಿನಿಂದ ಹೋಗಿ ಅಲ್ಲಿ ನೆಲೆಸಿದ್ದ ಇನ್ನೊಬ್ಬ ಕಲಾವಿದರು ಮೊಹಮ್ಮದ್ ಉಮರ್ ಖಲೀಲ್. ಈ ಇಬ್ಬರೂ ಬಂದು ಅಸೀಲಾದಲ್ಲಿ ಅಚ್ಚಿನ ಕೆಲಸಕ್ಕೆ ಅಡಿಪಾಯ ಹಾಕಿದರು. ಲೋಹದ ತಗಡಿಗೆ ಮೇಣದಂಥ ಲೇಪ ಹಚ್ಚಬೇಕು. ಸೂಜಿಯಿಂದ ಗೀರಬೇಕು. ಆಸಿಡ್ಡಿನಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ತಗಡು ಕೊರೆಯುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಹಾಸಿ, ರೋಲರ್ ಕೆಳಗೆ ತಳ್ಳಬೇಕು. ನಾಲ್ಕು ಕೈ ಕೂಡಿದರೆ ಹಗುರಾಗುವ ಕೆಲಸ. ಇರಾಕಿನವರೋ ಸಿರಿಯಾದವರೋ ಗೀರಿದರೆ, ಸೆನೆಗಲ್‌ನವರು ಮಸಿ ಒರೆಸಬಹುದು. ಭಾಷೆ ಬಾರದಿದ್ದರೂ ಮಸಿ ಮೆತ್ತಿದ ಕೈಗಳಿಗೆ ಪರಿಚಯ ಬೇಗ ಆಗುತ್ತದೆ. ಖಲೀಲ್ ಒಂದು ಸಲ ಬಂದು ಹೋದವರಲ್ಲ. ಮತ್ತೆ ಮತ್ತೆ ಬಂದರು, ಕಲಿಸಿದರು.

ಕವಿಗಳೂ ಹಾಗೇ. ಕಾಂಗೋದ ಚಿಕಾಯಾ ಉ ತಾಮ್ಸಿ ಈ ಊರನ್ನು ತುಂಬಾ ಹಚ್ಚಿಕೊಂಡಿದ್ದರು. 1988ರಲ್ಲಿ ಅವರು ತೀರಿಕೊಂಡರು. ಊರು ಅವರ ಹೆಸರಿನಲ್ಲಿ ಆಫ್ರಿಕಾದ ಕಾವ್ಯಕ್ಕೆ ಪ್ರಶಸ್ತಿ ಇಟ್ಟಿತು, ಒಂದು ಉದ್ಯಾನಕ್ಕೂ ಅವರ ಹೆಸರಿಟ್ಟಿತು. ಅರಬ್ ದೇಶಗಳವರು ಮತ್ತು ಸಹಾರಾದ ಆಚೆಯ ಆಫ್ರಿಕಾದವರು ಒಂದೇ ಜಗಲಿಯಲ್ಲಿ ಕೂತು ಮಾತಾಡಬೇಕು ಎಂಬುದು ಬೆನೈಸ್ಸಾ ಅವರ ಹಟ.

1989ರಲ್ಲಿ ಅಸೀಲಾಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಹೊಸ ಕಟ್ಟಡಕ್ಕಲ್ಲ, ಊರನ್ನು ಮತ್ತೆ ಎಬ್ಬಿಸಿದ್ದಕ್ಕೆ. ಗಲ್ಲಿಗಳಿಗೆ ಹಾಸಿದ ಕಲ್ಲಿನ ವಿನ್ಯಾಸವನ್ನೂ ಕಲಾವಿದರೇ ಮಾಡಿಕೊಟ್ಟಿದ್ದರು. ಅಲ್ಲಿ ನೀವು ಕಾಲಿಟ್ಟದ್ದೂ ಚಿತ್ರವೇ.

ಬೆನೈಸ್ಸಾ 1985ರಲ್ಲೇ ಸಂಸ್ಕೃತಿ ಸಚಿವರಾಗಿದ್ದರು, ಆಮೇಲೆ ಅಮೆರಿಕದಲ್ಲಿ ರಾಯಭಾರಿಯಾದರು. 1999ರಿಂದ 2007ರವರೆಗೆ ವಿದೇಶಾಂಗ ಸಚಿವರಾಗಿದ್ದರು. ಅಷ್ಟು ದೊಡ್ಡ ಹುದ್ದೆಗಳ ನಡುವೆಯೂ ಅಸೀಲಾದ ಹಬ್ಬ ಬಿಡಲಿಲ್ಲ. ಊರಿನ ಮೇಯರ್ ಆಗಿಯೂ ದುಡಿದರು.

ಎಲ್ಲವೂ ಹೂವಿನ ಹಾಸಿಗೆ ಆಗಿತ್ತು ಅಂತ ಹೇಳಲಾರೆ. ಊರು ಚೆಂದವಾದಂತೆ ಹೊರಗಿನವರ ಕಣ್ಣು ಬಿತ್ತು. ಯುರೋಪಿನವರು, ದೊಡ್ಡ ನಗರಗಳ ಸಿರಿವಂತರು ಕೋಟೆಯೊಳಗೆ ಮನೆ ಕೊಂಡರು. ಬೆಲೆ ಏರಿತು. ಹಬ್ಬದ ಚರ್ಚಾಗೋಷ್ಠಿಗಳೆಲ್ಲ ಮಂತ್ರಿಗಳಿಗೆ, ಪಂಡಿತರಿಗೆ ಆಯಿತು, ಊರಿನವರಿಗೆ ಏನು ಬಂತು ಎಂದು ಕೇಳಿದವರೂ ಇದ್ದಾರೆ. ಅದು ಕೇಳಬೇಕಾದ ಪ್ರಶ್ನೆಯೇ. ಹಬ್ಬದಲ್ಲಿ ನನ್ನ ಮನಸ್ಸು ನಿಲ್ಲುವುದು ಆ ಗೋಷ್ಠಿಗಳಲ್ಲಲ್ಲ, ಮಕ್ಕಳ ಕಾರ್ಯಾಗಾರದಲ್ಲಿ. ಊರಿನ ಮಕ್ಕಳಿಗೂ ಅಲ್ಲಿ ಕುಂಚ ಕೊಡುತ್ತಾರೆ, ಗೋಡೆ ಕೊಡುತ್ತಾರೆ.

ಮೆಲೇಹಿ 2020ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಬೆನೈಸ್ಸಾ 2025ರ ಫೆಬ್ರವರಿ 28ರಂದು ಹೋದರು. ಅವರಿಗೆ 88 ವರ್ಷವಾಗಿತ್ತು. ಹಬ್ಬ ಕಟ್ಟಿದ ಇಬ್ಬರೂ ಈಗ ಇಲ್ಲ. ಆದರೂ ಆ ವರ್ಷ ಹಬ್ಬ ನಿಲ್ಲಲಿಲ್ಲ. ಹಳೆಯ ಚಿತ್ರಗಳಿಗೆ ಸುಣ್ಣ ಬಳಿಯುವವರು ಅಲ್ಲಿದ್ದಾರೆ. ಆ ಸುಣ್ಣ ಒಣಗುವುದನ್ನು ಕಾಯುವ ಮಕ್ಕಳೂ ಇದ್ದಾರೆ.

ನಮಸ್ಕಾರ.