ದುಡಿಯುವ ಫಾರಂನಲ್ಲಿ ರಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಫಾರಂನಲ್ಲಿ ರಜೆ ಕಳೆಯಲು ಬನ್ನಿ ಎಂದು ಕರೆಯುವ ಜಾಗಗಳಲ್ಲಿ ಎರಡು ಬಗೆ. ಒಂದು ಕಡೆ ಅತಿಥಿಗಳಿಗೆ ತೋರಿಸಲೆಂದೇ ನಾಲ್ಕು ಮೊಲ, ಎರಡು ಮೇಕೆ, ಒಂದು ಮುದಿ ಕುದುರೆ ಸಾಕಿರುತ್ತಾರೆ. ಅತಿಥಿಗಳು ಬರುವುದು ನಿಂತರೆ ಅಂಥ ಜಾಗಕ್ಕೆ ಬೀಗ ಬೀಳುತ್ತದೆ. ಇನ್ನೊಂದು ಕಡೆ ಮನೆಯವರ ಜೀವನ ನಡೆಯುವುದು ಹಾಲು, ಮಾಂಸ, ಉಣ್ಣೆ, ಧಾನ್ಯದ ಮಾರಾಟದಿಂದ. ಖಾಲಿ ಕೋಣೆಗಳಿರುವುದರಿಂದ ಅತಿಥಿಗಳನ್ನೂ ಇಟ್ಟುಕೊಳ್ಳುತ್ತಾರೆ, ಅಷ್ಟೇ. ನಾನು ಮಾತಾಡಲಿರುವುದು ಈ ಎರಡನೇ ಬಗೆಯದರ ಬಗ್ಗೆ. ಅಲ್ಲಿ ದಿನದ ವೇಳೆಯನ್ನು ಗೊತ್ತುಮಾಡುವುದು ಕೆಚ್ಚಲು ತುಂಬಿದ ಹಸು, ಮಳೆ ಬರುವ ಮೊದಲು ಒಳಗೆ ಸೇರಬೇಕಾದ ಒಣಹುಲ್ಲು. ಇದಕ್ಕೆ ಒಪ್ಪಿ ಹೋದವರಿಗೆ ರಜೆ ರುಚಿಸುತ್ತದೆ. ಹೋಟೆಲಿನ ಲೆಕ್ಕ ಹಾಕಿಕೊಂಡು ಹೋದವರು ಎರಡನೇ ದಿನವೇ ಚಡಪಡಿಸುತ್ತಾರೆ.

ಅಮೆರಿಕದಲ್ಲಿ ಈ ರೂಢಿ ಬೆಳೆದದ್ದು ದನ ಮೇಯಿಸುವ ವಿಶಾಲ ಫಾರಂಗಳಾದ ರ‍್ಯಾಂಚ್‌ಗಳಲ್ಲಿ. ಈಟನ್ ಸಹೋದರರ ರ‍್ಯಾಂಚ್ ಇದ್ದದ್ದು ಡಕೋಟಾದ ಮೆಡೋರಾ ಊರಿನ ಹತ್ತಿರ. ಪೂರ್ವದ ನಗರಗಳಿಂದ ಗೆಳೆಯರು, ಗೆಳೆಯರ ಗೆಳೆಯರು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. 1882ರ ಹೊತ್ತಿಗೆ ಹೀಗೆ ಬಂದವರು ತಾವೇ ಊಟ ವಸತಿಗೆ ಹಣ ಕೊಡಲು ಮುಂದಾದರು. 1904ರಲ್ಲಿ ಸಹೋದರರು ವಯೋಮಿಂಗ್‌ನ ಬಿಗ್‌ಹಾರ್ನ್ ಬೆಟ್ಟಗಳ ತಪ್ಪಲಿಗೆ ಹೋಗಿ ನೆಲೆಸಿದರು. ನಗರದಿಂದ ಬಂದ ನಾಜೂಕಿನ ಮನುಷ್ಯನನ್ನು ಅಲ್ಲಿಯವರು ‘ಡ್ಯೂಡ್’ ಎಂದು ಕರೆಯುತ್ತಿದ್ದರು, ಆ ಹಾಸ್ಯವೇ ಉದ್ಯಮದ ಹೆಸರಾಯಿತು. 1926ರಲ್ಲಿ ಡ್ಯೂಡ್ ರ‍್ಯಾಂಚ್ ಮಾಲೀಕರ ಸಂಘವೂ ಹುಟ್ಟಿತು.

ಇಟಲಿ ಬೇರೆ ದಾರಿ ಹಿಡಿಯಿತು. 1985ರಲ್ಲಿ ಅಲ್ಲಿ ‘ಅಗ್ರಿಟುರಿಸ್ಮೊ’, ಅಂದರೆ ಫಾರಂ ಪ್ರವಾಸದ ಕುರಿತು ಕಾನೂನು ಬಂತು, 2006ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂತು. ಎರಡರ ತಿರುಳೂ ಒಂದೇ: ಬೇಸಾಯವೇ ಮುಖ್ಯ ಕಸುಬಾಗಿ ಉಳಿಯಬೇಕು, ಅತಿಥಿಗಳ ಆದಾಯ ಅದರ ಪಕ್ಕದ್ದು. ಇಂಥ ಕಟ್ಟು ಇಲ್ಲದ ಕಡೆ ಯಾವುದು ನಿಜವಾದ ಫಾರಂ ಎಂದು ನೀವೇ ಕೇಳಿ ತಿಳಿಯಬೇಕಾಗುತ್ತದೆ.

ಮೂರನೆಯದು ದುಡ್ಡಿನ ಬದಲು ದುಡಿಮೆಯ ದಾರಿ. 1971ರಲ್ಲಿ ಲಂಡನ್ನಿನ ಸ್ಯೂ ಕಾಪರ್ಡ್ ಎಂಬ ಮಹಿಳೆ ಶುರುಮಾಡಿದ ‘ವೂಫ್’ ಜಾಲ ಈಗ ಹಲವು ದೇಶಗಳಲ್ಲಿದೆ. ಸಾವಯವ ಫಾರಂನಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೈಜೋಡಿಸಿದರೆ ಊಟ, ವಸತಿ ಸಿಗುತ್ತದೆ. ಆದರೆ ಸಂಬಳವಿಲ್ಲದ ಈ ದುಡಿಮೆಯನ್ನೂ ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ಪ್ರವಾಸಿ ವೀಸಾದಲ್ಲಿ ಹೋಗಿ ವಿಮಾನ ನಿಲ್ದಾಣದಿಂದಲೇ ಹಿಂದಿರುಗಬೇಕಾಗಬಹುದು. ಹೊರಡುವ ಮುಂಚೆ ವೀಸಾದ ನಿಯಮ ಓದಿಕೊಳ್ಳಿ.

ಕಾಯ್ದಿರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ. ‘ನಾವು ಬರುವ ವಾರ ಫಾರಂನಲ್ಲಿ ಏನು ಕೆಲಸ ನಡೆಯುತ್ತಿರುತ್ತದೆ?’ ಎಂದು ಕೇಳಿ. ಕುರಿ ಈಯುವುದನ್ನು ನೋಡಬೇಕೆಂದರೆ ಉತ್ತರ ಗೋಳಾರ್ಧದಲ್ಲಿ ಹೆಚ್ಚಾಗಿ ಮಾರ್ಚ್‌ನಿಂದ ಮೇ ಒಳಗೆ ಹೋಗಬೇಕು. ದಕ್ಷಿಣದಲ್ಲಿ ಆಗಸ್ಟ್, ಸೆಪ್ಟೆಂಬರ್ ಸರಿಯಾದ ಕಾಲ. ಒಣಹುಲ್ಲು ಕೊಯ್ಯುವ ದಿನಗಳಲ್ಲಿ ನೋಡಲು ಬೇಕಾದಷ್ಟಿರುತ್ತದೆ, ಆದರೆ ಮನೆಯವರಿಗೆ ನಿಮ್ಮ ಹತ್ತಿರ ನಿಂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಉಳಿದ ಪ್ರಶ್ನೆಗಳು: ಎಷ್ಟು ದನ, ಎಷ್ಟು ಎಕರೆ? ಅತಿಥಿ ಯಾವ ಕೆಲಸಕ್ಕೆ ಕೈಹಾಕಬಹುದು, ಯಾವುದಕ್ಕೆ ಕೂಡದು? ಅಡುಗೆ ಯಾರದ್ದು? ಔಷಧಿ ಸಿಂಪಡಿಸುವ ದಿನ ಯಾವುದು, ಆಮೇಲೆ ಎಷ್ಟು ಗಂಟೆ ಆ ಹೊಲಕ್ಕೆ ಕಾಲಿಡಬಾರದು? ಅತಿಥಿಗೆ ಪೆಟ್ಟಾದರೆ ವಿಮೆ ಇದೆಯೇ? ಮಲಗುವ ಕೋಣೆ ಕೊಟ್ಟಿಗೆಯಿಂದ ಎಷ್ಟು ದೂರ? ಕೊನೆಯದನ್ನು ಯಾರೂ ಕೇಳುವುದಿಲ್ಲ, ಬೆಳಗಿನ ನಾಲ್ಕೂವರೆಗೆ ಹಾಲು ಕರೆಯುವ ಯಂತ್ರ ಸದ್ದುಮಾಡಿದಾಗ ನೆನಪಾಗುತ್ತದೆ. ಇವುಗಳಿಗೆ ಸಲೀಸಾಗಿ ಉತ್ತರ ಬಂದರೆ ಅದು ಕೆಲಸ ನಡೆಯುವ ಫಾರಂ ಎಂದು ನಂಬಬಹುದು.

ಹಾಲು ಕರೆಯುವುದಕ್ಕೆ ಬರೋಣ. ಎಲ್ಲರೂ ಕೈಹಾಕಲು ಬಯಸುವ ಕೆಲಸ ಇದು. ಹೆಚ್ಚಿನ ಕಡೆ ದಿನಕ್ಕೆ ಎರಡು ಸಲ, ಸುಮಾರು ಹನ್ನೆರಡು ಗಂಟೆಯ ಅಂತರದಲ್ಲಿ ಕರೆಯುತ್ತಾರೆ. ಮೊದಲು ಮೊಲೆಗಳನ್ನು ಶುಚಿಮಾಡಿ ಒರೆಸಬೇಕು. ಒಂದೊಂದರಿಂದಲೂ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ ಹಿಂಡಿ, ಹಾಲು ಗಂಟು ಕಟ್ಟಿದೆಯೇ, ನೀರಾಗಿದೆಯೇ ಎಂದು ನೋಡಬೇಕು. ಕೆಚ್ಚಲು ಬಾವಿನ ಮೊದಲ ಸುಳಿವು ಸಿಗುವುದು ಅಲ್ಲೇ. ಆಮೇಲೆ ಒಂದು ನಿಮಿಷದಷ್ಟು ಕಾಯುವುದು. ಅಷ್ಟರಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಸು ಸೊರ ಬಿಡುತ್ತದೆ, ಅಂದರೆ ಕೆಚ್ಚಲಿನ ಹಾಲು ಮೊಲೆಗಿಳಿಯುತ್ತದೆ. ಅದರ ಪರಿಣಾಮ ಕೆಲವೇ ನಿಮಿಷ. ಇನ್ನು ಕೈ: ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊಲೆಯ ಬುಡವನ್ನು ಬಿಗಿಮಾಡಿ, ಉಳಿದ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದು ಮುಚ್ಚುತ್ತಾ ಬನ್ನಿ. ಹೊಸಬರು ಮಾಡುವ ತಪ್ಪು ಜಗ್ಗುವುದು. ಬುಡ ಬಿಗಿಯಾಗಿರದಿದ್ದರೆ ಹಾಲು ಮೇಲಕ್ಕೇ ಹೋಗುತ್ತದೆ, ಹಸುವಿಗೆ ನೋವಾಗುತ್ತದೆ, ಬಕೆಟ್ಟು ಉರುಳುತ್ತದೆ. ಕೊಟ್ಟಿಗೆಯಲ್ಲಿ ಮಕ್ಕಳು ಕಿರುಚಿದರೆ, ಯಾರಾದರೂ ಕ್ಯಾಮೆರಾದ ಫ್ಲ್ಯಾಶ್ ಹಚ್ಚಿದರೆ ಹಸು ಬೆದರುತ್ತದೆ. ಬೆದರಿದ ಹಸುವಿನ ಮೈಯಲ್ಲಿ ಅಡ್ರಿನಾಲಿನ್ ಏರಿ ಸೊರ ಬಿಡುವುದು ನಿಲ್ಲುತ್ತದೆ. ಮನೆಯವರು ‘ಸ್ವಲ್ಪ ಸುಮ್ಮನಿರಿ’ ಎಂದರೆ ಮುನಿಸಿಕೊಳ್ಳಬೇಡಿ, ಆ ಹೊತ್ತಿನ ಹಾಲು ಅವರ ಆದಾಯ.

ದನದ ಹಿಂಡಿನ ಬಳಿ ಹೋಗುವಾಗ ಗಮನವಿಡಬೇಕಾದದ್ದು ಅವುಗಳ ಭುಜದ ಮೇಲೆ. ಭುಜಕ್ಕಿಂತ ಹಿಂದೆ ನಿಂತು ಹತ್ತಿರವಾದರೆ ದನ ಮುಂದಕ್ಕೆ ಸರಿಯುತ್ತದೆ, ಭುಜಕ್ಕಿಂತ ಮುಂದೆ ನಿಂತರೆ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ದನ ಓಡಿಸುವ ವಿದ್ಯೆಯ ಮುಕ್ಕಾಲು ಭಾಗ ಇದೇ. ಎಳೆಗರು ಇರುವ ಹಿಂಡಿಗೆ ನಾಯಿಯ ಜೊತೆ ಹೋಗಲೇಬೇಡಿ. ತಾಯಿಹಸು ನಾಯಿಯ ಮೇಲೆ ನುಗ್ಗುತ್ತದೆ, ನಾಯಿ ಕಾಪಾಡಿಕೊಳ್ಳಲು ನಿಮ್ಮ ಕಾಲಿನ ಹಿಂದೆ ಬರುತ್ತದೆ. ಹಾಗಾದರೆ ಹಗ್ಗ ಕೈಬಿಡಿ, ನಾಯಿ ನಿಮಗಿಂತ ಜೋರಾಗಿ ಓಡುತ್ತದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ತೆರೆದಿದ್ದ ಗೇಟನ್ನು ಒಳ್ಳೆಯ ಮನಸ್ಸಿನಿಂದ ಮುಚ್ಚಿದರೂ ಆ ಕಡೆಯ ದನಗಳಿಗೆ ನೀರಿನ ತೊಟ್ಟಿ ತಲುಪದೆ ಹೋಗಬಹುದು.

ರ‍್ಯಾಂಚ್‌ನಲ್ಲಿ ರಜೆ ಎಂದರೆ ಹೆಚ್ಚಾಗಿ ಕುದುರೆ ಸವಾರಿ. ಎಷ್ಟೋ ಕಡೆ ವಾರವಿಡೀ ಒಬ್ಬರಿಗೆ ಒಂದೇ ಕುದುರೆ ಕೊಡುತ್ತಾರೆ, ಅದೂ ನೀವು ಹೇಳಿದ ಅನುಭವಕ್ಕೆ ತಕ್ಕಂತೆ. ‘ಚೆನ್ನಾಗಿ ಬರುತ್ತದೆ’ ಎಂದು ಜಂಬಕ್ಕೆ ಹೇಳಿದರೆ ಚುರುಕಾದ ಕುದುರೆಯೇ ಗಂಟುಬೀಳುತ್ತದೆ. ತೂಕವನ್ನೂ ಸರಿಯಾಗಿ ಹೇಳಿ. ಜೀನೂ ಸವಾರನೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದೆಂಬುದು ರೂಢಿಯ ಲೆಕ್ಕ. 500 ಕಿಲೋ ಕುದುರೆಗೆ 100 ಕಿಲೋ. ಅದರಲ್ಲಿ ದನಗಾಹಿಗಳ ದಪ್ಪ ಜೀನಿಗೇ ಸುಮಾರು 15 ಕಿಲೋ ಹೋಗುತ್ತದೆ.

ಸವಾರಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಹಿಮ್ಮಡಿಯಿರುವ ಬೂಟು ಬೇಕು. ಅಟ್ಟೆ ಚಪ್ಪಟೆಯಾಗಿದ್ದರೆ ಪಾದ ಜೀನಿನಿಂದ ಇಳಿಬಿಟ್ಟ ಕಾಲಿಡುವ ರಿಕಾಪಿನೊಳಗೆ ಪೂರ್ತಿ ತೂರಿ ಸಿಕ್ಕಿಹಾಕಿಕೊಳ್ಳುತ್ತದೆ, ಬಿದ್ದಾಗ ಕುದುರೆ ಎಳೆದುಕೊಂಡು ಹೋಗುತ್ತದೆ. ಹೆಲ್ಮೆಟ್ ಕೊಡದ ಕಡೆ ಕೇಳಿ ಪಡೆಯಿರಿ, ಸಿನಿಮಾದ ಟೋಪಿ ತಲೆ ಕಾಯುವುದಿಲ್ಲ. ಹೊರಟ ಹತ್ತು ನಿಮಿಷಕ್ಕೆ ಒಮ್ಮೆ ನಿಂತು ಹೊಟ್ಟೆಪಟ್ಟಿ ಬಿಗಿಮಾಡಿಸಿಕೊಳ್ಳಿ. ಪಟ್ಟಿ ಕಟ್ಟುವಾಗ ಹೊಟ್ಟೆ ಉಬ್ಬಿಸಿಕೊಳ್ಳುವ ಕುದುರೆಗಳಿವೆ, ನಡೆದ ಮೇಲೆ ಜೀನು ಸಡಿಲವಾಗಿ ಪಕ್ಕಕ್ಕೆ ಜಾರುತ್ತದೆ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಕುದುರೆಗೆ ನೇರ ಹಿಂದಿನದೂ ಹಣೆಯ ಮುಂದಿನದೂ ಕಾಣುವುದಿಲ್ಲ. ಆದ್ದರಿಂದ ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಿ. ಮೊದಲ ದಿನ ಎರಡು ಗಂಟೆ ಸವಾರಿ ಸಾಕು. ಮಿಕ್ಕದ್ದನ್ನು ಮರುದಿನ ತೊಡೆಗಳೇ ಹೇಳುತ್ತವೆ.

ಪ್ರಾಣಿಗಳಿಗಿಂತ ಯಂತ್ರಗಳು ಕ್ರೂರ. ಟ್ರ್ಯಾಕ್ಟರಿನ ಹಿಂದೆ ತಿರುಗುತ್ತಾ ಬೇರೆ ಯಂತ್ರಗಳನ್ನು ನಡೆಸುವ ಪಿಟಿಒ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಸಡಿಲ ಅಂಗಿ, ದುಪಟ್ಟಾ, ಜಡೆ ಸಿಕ್ಕರೆ ಕಿರುಚುವಷ್ಟು ಸಮಯವೂ ಇರುವುದಿಲ್ಲ. ಚಾಲಕನ ಸೀಟೊಂದೇ ಇರುವ ಟ್ರ್ಯಾಕ್ಟರಿನಲ್ಲಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಬಿಡಬೇಡಿ. ಧಾನ್ಯದ ಕಣಜಕ್ಕೆ ಇಳಿಯಬಾರದು, ಹರಿಯುವ ಕಾಳು ಕೆಲವೇ ಸೆಕೆಂಡುಗಳಲ್ಲಿ ಮನುಷ್ಯನನ್ನು ನುಂಗುತ್ತದೆ. ಸಗಣಿ ಗುಂಡಿಯನ್ನು ಕಲಕುವಾಗ ಏಳುವ ಹೈಡ್ರೋಜನ್ ಸಲ್ಫೈಡ್ ಸಾಂದ್ರತೆ ಹೆಚ್ಚಾದರೆ ವಾಸನೆಯೇ ತಿಳಿಯದಂತೆ ಮಾಡಿ ಕೊಲ್ಲುತ್ತದೆ.

ಕೈ ತೊಳೆಯುವ ವಿಷಯ ಸಣ್ಣದೆಂದು ಬಿಡುವಂತಿಲ್ಲ. ಕರು, ಕುರಿಮರಿಗಳಿಂದ ಹರಡುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರೋಪಜೀವಿ ಆಲ್ಕೊಹಾಲ್ ಜೆಲ್ಲಿಗೆ ಸಾಯುವುದಿಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡು ಉಜ್ಜುವುದು, ಇವೇ ಬೇಕು. ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಐದು ವರ್ಷದೊಳಗಿನ ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಆದ್ದರಿಂದ ಕಾಯಿಸದ ಹಾಲು ಅವರಿಗೆ ಬೇಡ. ಗರ್ಭಿಣಿಯರು ಕುರಿ ಈಯುವ ಜಾಗದಿಂದ ದೂರವಿರಬೇಕು, ಅಲ್ಲಿ ಕೆಲಸ ಮಾಡಿದವರ ಬಟ್ಟೆಯನ್ನೂ ಮುಟ್ಟಬಾರದು. ಗರ್ಭಪಾತಕ್ಕೆ ಕಾರಣವಾಗುವ ಸೋಂಕುಗಳು ಕುರಿಯ ಸತ್ತೆಯಿಂದ, ಅಂದರೆ ಈದ ಮೇಲೆ ಬೀಳುವ ಮಾಸಿನಿಂದ ಬರುತ್ತವೆ. ಟೆಟನಸ್ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಗಿದ್ದರೆ ಹೋಗುವ ಮೊದಲೇ ಹಾಕಿಸಿಕೊಳ್ಳಿ.

ಫಾರಂನಿಂದ ಹೊರಡುವ ಹಿಂದಿನ ದಿನ ಬೂಟಿನ ಅಟ್ಟೆಯ ಸಂದಿಯಲ್ಲಿರುವ ಮಣ್ಣನ್ನು ಬ್ರಷ್ಷಿನಿಂದ ಕೆರೆದು, ತೊಳೆದು, ಒಣಗಿಸಿ. ದನದ ರೋಗ ಮಣ್ಣಿನ ಜೊತೆಗೇ ದೇಶ ದಾಟಬಲ್ಲದು. ಆಸ್ಟ್ರೇಲಿಯಾದ ಆಗಮನ ಪತ್ರ ಕಳೆದ 30 ದಿನಗಳಲ್ಲಿ ಫಾರಂಗೆ ಹೋಗಿದ್ದಿರಾ ಎಂದು ಕೇಳುತ್ತದೆ. ಹೌದಾದರೆ ಹೌದು ಎಂದೇ ಬರೆಯಿರಿ. ಅಧಿಕಾರಿ ಬೂಟನ್ನು ತೆಗೆಸಿ ನೋಡಬಹುದು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಕಾಲುಬಾಯಿ ಜ್ವರವಿರುವ ದೇಶದಿಂದ ಮರಳಿದವರು ಒಂದು ವಾರ ಯಾವ ದನದ ಹತ್ತಿರವೂ ಹೋಗಬಾರದು, ಮನೆಯ ಹಿತ್ತಲಲ್ಲಿ ಕಟ್ಟಿದ ಹಸುವಿನ ಹತ್ತಿರವೂ.

ನಮಸ್ಕಾರ.