ಹೇಳಿದವರು ಯಾರು, ಹೇಳಿದ್ದು ಏನು

ಕೇಳುಗರಿಗೆ ನಮಸ್ಕಾರ.

ಬಿಸಿಯೇರಿದ ಚರ್ಚೆಯನ್ನು ಒಂದೇ ಏಟಿಗೆ ಮುಗಿಸಿಬಿಡುವ ಮಾತೊಂದಿದೆ. ‘ಅವನು ಇನ್ನೇನು ಹೇಳ್ತಾನೆ ಬಿಡಿ, ಅವನಿಗೆ ದುಡ್ಡು ಬರೋದೇ ಅಲ್ಲಿಂದ!’ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಆದರೆ ಹೆಗ್ಗಣದ ತೂಕ ಇಷ್ಟು ಅಂತ ಹೆತ್ತವರೇ ಹೇಳಿದರೆ ಆ ತೂಕವೂ ಸುಳ್ಳಾಗಬೇಕಾ? ತೂಗಿ ನೋಡಬಹುದಲ್ಲ.

ಒಂದು ಹಳೆಯ ಜಗಳದ ವಿಷಯ ಹೇಳುತ್ತೇನೆ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸಿ ಒಂದು ಲೆಕ್ಕ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದ 649 ಗಂಡಸರಲ್ಲಿ ತಂಬಾಕು ಸೇದದವರು ಇದ್ದದ್ದು ಬರೀ 2 ಜನ. ಬೇರೆ ಕಾಯಿಲೆಗೆ ಬಂದಿದ್ದ ಅಷ್ಟೇ ಗಂಡಸರಲ್ಲಿ 27 ಜನ. ಸೇದುವುದಕ್ಕೂ ಈ ಕ್ಯಾನ್ಸರಿಗೂ ನಂಟಿದೆ ಅಂತ ಅವರು ಬರೆದರು.

ರೊನಾಲ್ಡ್ ಫಿಷರ್ ಇದನ್ನು ಒಪ್ಪಲಿಲ್ಲ. ಫಿಷರ್ ಅಂದರೆ ಸಾಮಾನ್ಯರಲ್ಲ. ಇವತ್ತಿನ ಸಂಖ್ಯಾಶಾಸ್ತ್ರದ ಅಡಿಪಾಯದಲ್ಲಿ ಅವರು ಇಟ್ಟ ಕಲ್ಲುಗಳು ಬಹಳ. ಅದೇ ಫಿಷರ್ ಪೈಪು ಸೇದುತ್ತಿದ್ದರು, ತಂಬಾಕು ಕಂಪನಿಗಳವರಿಗೆ ಸಲಹೆಗಾರರೂ ಆಗಿದ್ದರು. ಅವರ ವಾದ ಹೀಗಿತ್ತು. ಎರಡು ಸಂಗತಿ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅನ್ನಲಾಗದು. ಹುಟ್ಟಿನಿಂದ ಬಂದ ಯಾವುದೋ ಗುಣ ಮನುಷ್ಯನಿಗೆ ಸೇದುವ ಆಸೆಯನ್ನೂ ಹುಟ್ಟಿಸಬಹುದು, ಅದೇ ಗುಣ ಕ್ಯಾನ್ಸರನ್ನೂ ತರಬಹುದು. ಅವಳಿಗಳ ಲೆಕ್ಕವನ್ನೂ ಮುಂದಿಟ್ಟರು. ಒಂದೇ ರೂಪದ ಅವಳಿಗಳ ಸೇದುವ ಚಟ, ಉಳಿದ ಅವಳಿಗಳಿಗಿಂತ ಜಾಸ್ತಿ ಒಂದೇ ತರಹ ಇರುತ್ತದೆ, ಅಂದರೆ ಸೇದುವ ಆಸೆಗೂ ಹುಟ್ಟಿನಿಂದ ಬಂದ ಗುಣಕ್ಕೂ ನಂಟಿದೆ ಎಂದರು.

ಈಗ ಫಿಷರ್ ಹೆಸರನ್ನು ಪಕ್ಕಕ್ಕಿಟ್ಟು ಈ ವಾದವನ್ನು ಮಾತ್ರ ನೋಡಿ. ಕೆಟ್ಟ ಪ್ರಶ್ನೆಯಾ ಇದು? ನನಗೆ ಹಾಗನಿಸುವುದಿಲ್ಲ. ತಂಬಾಕಿನ ಕಡು ವೈರಿಯೊಬ್ಬ ಕೇಳಿದ್ದರೂ ಇದು ಅಷ್ಟೇ ಗಟ್ಟಿ ಪ್ರಶ್ನೆ. ಉತ್ತರ ಬಂದದ್ದು 1959ರಲ್ಲಿ. ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಜೊತೆಗಾರರು ಫಿಷರ್ ಜೇಬು ತಡಕಲಿಲ್ಲ, ವಾದವನ್ನೇ ಕೈಗೆತ್ತಿಕೊಂಡರು. ಸಿಗರೇಟು ಸೇದುವವರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ 9 ಪಟ್ಟು ಜಾಸ್ತಿ. ಇದಕ್ಕೆಲ್ಲ ಒಂದು ಗುಪ್ತ ಗುಣವೇ ಕಾರಣ ಅನ್ನುವುದಾದರೆ, ಆ ಗುಣ ಸೇದುವವರಲ್ಲಿ ಕಡಿಮೆಯೆಂದರೂ 9 ಪಟ್ಟು ಜಾಸ್ತಿ ಕಾಣಬೇಕು. ಎಲ್ಲಿದೆ ಅಂಥ ಗುಣ? ಯಾರೂ ತೋರಿಸಲಿಲ್ಲ. ‘ಕಂಪನಿಯ ಮನುಷ್ಯ’ ಅಂತ ಫಿಷರ್ ಬಾಯಿ ಮುಚ್ಚಿಸಿ ಕೂತಿದ್ದರೆ ಈ ಲೆಕ್ಕ ಆಗ ಹುಟ್ಟುತ್ತಿತ್ತೋ ಇಲ್ಲವೋ.

ಅಂದಹಾಗೆ, ಫಿಷರ್ ದುಡ್ಡಿನ ಆಸೆಗೆ ಹೀಗೆ ವಾದಿಸಿದರು ಅಂತ ನನಗೆ ಅನಿಸುವುದಿಲ್ಲ. ಪೈಪಿನ ಮೇಲಿನ ಪ್ರೀತಿ ಇರಬಹುದು, ಹಿಡಿದ ಹಟ ಇರಬಹುದು. ಒಮ್ಮೆ ನಾಲ್ಕು ಜನರ ಮುಂದೆ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಯಾರಿಗೆ ತಾನೇ ಸುಲಭ? ಇಂಥ ಒಲವು ಯಾವ ಜಮಾ ಖರ್ಚಿನ ಪುಸ್ತಕದಲ್ಲೂ ಸಿಗುವುದಿಲ್ಲ.

ಹಾಗಾದರೆ ಹೇಳಿದವರು ಯಾರು ಅಂತ ನೋಡಲೇಬಾರದಾ? ನೋಡಬೇಕು. ಫಿಷರ್ ವಾದದ ಎಲ್ಲ ಎಳೆಗಳೂ ಎಲ್ಲರ ಕಣ್ಣಮುಂದೆ ಇದ್ದವು, ಯಾರು ಬೇಕಾದರೂ ಎಳೆದು ನೋಡಬಹುದಿತ್ತು. ಆದರೆ ದಿನವೂ ನಮ್ಮ ಕಿವಿಗೆ ಬೀಳುವುದರಲ್ಲಿ ವಾದ ಕಮ್ಮಿ, ವರದಿ ಜಾಸ್ತಿ. ‘ನಾವು ಪರೀಕ್ಷೆ ಮಾಡಿದೆವು, ಹೀಗೆ ಬಂತು’ ಅನ್ನುತ್ತಾರೆ. ನಾವು ಅಲ್ಲಿರಲಿಲ್ಲ. ಅವರ ಬಾಯಿಮಾತೇ ನಮಗೆ ಆಧಾರ. ಅಂಥ ಕಡೆ ಹೇಳುವವರಿಗೆ ಅದರಲ್ಲಿ ಲಾಭ ಇದೆಯಾ ಅಂತ ಕೇಳುವುದು ಕುಹಕವಲ್ಲ, ಸರಿಯಾದ ಪ್ರಶ್ನೆಯೇ.

2008ರಲ್ಲಿ ಎರಿಕ್ ಟರ್ನರ್ ಮತ್ತು ಜೊತೆಗಾರರು ಖಿನ್ನತೆಯ 12 ಔಷಧಗಳ ಪ್ರಯೋಗಗಳನ್ನು ಹಿಡಿದು ಕೂತರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಡತಗಳಲ್ಲಿ ಔಷಧ ಕಂಪನಿಗಳ ಅಂಥ 74 ಪ್ರಯೋಗಗಳಿದ್ದವು. ಸಂಸ್ಥೆಯ ಪ್ರಕಾರ 38 ಪ್ರಯೋಗಗಳಲ್ಲಿ ಔಷಧ ಗೆದ್ದಿತ್ತು. ಅವುಗಳಲ್ಲಿ ಒಂದು ಬಿಟ್ಟು ಎಲ್ಲವೂ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಗೆಲ್ಲದ ಅಥವಾ ಅನುಮಾನ ಉಳಿಸಿದ ಪ್ರಯೋಗಗಳು 36. ಅವುಗಳಲ್ಲಿ 22 ಅಚ್ಚಾಗಲೇ ಇಲ್ಲ. 11 ಅಚ್ಚಾದವು, ಆದರೆ ಓದಿದರೆ ಔಷಧ ಗೆದ್ದಿತು ಅನಿಸುವ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬರೀ 3.

ಪತ್ರಿಕೆಗಳನ್ನು ಮಾತ್ರ ಓದುವ ವೈದ್ಯರೊಬ್ಬರನ್ನು ನೆನೆಸಿಕೊಳ್ಳಿ. ಅವರ ಕಣ್ಣಿಗೆ 100ಕ್ಕೆ 94 ಪ್ರಯೋಗ ಗೆದ್ದ ಹಾಗೆ ಕಾಣುತ್ತದೆ. ಕಡತದಲ್ಲಿ ಗೆದ್ದದ್ದು 100ಕ್ಕೆ 51. ಅಚ್ಚಾದ ಲೇಖನಗಳನ್ನು ಸಾಲು ಸಾಲಾಗಿ ಎಷ್ಟೇ ಉಜ್ಜಿ ನೋಡಿದರೂ ಆ 22 ಅವರಿಗೆ ಸಿಗುವುದಿಲ್ಲ. ಅಚ್ಚಾದ ಒಂದೊಂದು ಲೆಕ್ಕವೂ ಸರಿಯಾಗಿದ್ದು, ಒಟ್ಟು ಚಿತ್ರ ತಪ್ಪಾಗಿರಬಹುದು. ಒಲವು ಹೆಚ್ಚಾಗಿ ಅಡಗಿ ಕೂರುವುದು ಇಲ್ಲಿಯೇ, ಹೇಳದೆ ಬಿಟ್ಟ ಮಾತಿನಲ್ಲಿ.

ಆದ್ದರಿಂದ ಹೇಳುವವರ ಸ್ವಾರ್ಥ ಗೊತ್ತಾದರೆ ಎಲ್ಲಿ ಅಗೆಯಬೇಕು ಅಂತ ತಿಳಿಯುತ್ತದೆ, ಅಷ್ಟೇ. ಅಗೆಯುವ ಕೆಲಸ ಹಾಗೇ ಉಳಿದಿರುತ್ತದೆ. ಎಷ್ಟೋ ಜನ ಲೇಖನದ ಕೊನೆಗೆ ಹೋಗಿ ‘ಹಣ ಕೊಟ್ಟವರು ಇವರು’ ಅನ್ನುವ ಸಾಲು ಓದಿ, ಲೇಖನವನ್ನೇ ಮಡಚಿಡುತ್ತಾರೆ. ಅದೂ ತಮಗೆ ಒಪ್ಪಿಗೆಯಾಗದ ಲೇಖನ ಆದರೆ ಮಾತ್ರ! ಒಪ್ಪಿಗೆಯಾದ ಲೇಖನದ ಕೊನೆಯ ಸಾಲಿಗೆ ಯಾರು ಹೋಗುತ್ತಾರೆ? ಇನ್ನು ತನಗೇ ನಷ್ಟ ತರುವ ಮಾತನ್ನು ಯಾರಾದರೂ ಒಪ್ಪಿಕೊಂಡರೆ, ಆಗ ಅವರ ಒಲವೇ ಆ ಮಾತಿಗೆ ತೂಕ ಕೊಡುತ್ತದೆ.

2005ರಿಂದ ಹಲವು ದೊಡ್ಡ ವೈದ್ಯಕೀಯ ಪತ್ರಿಕೆಗಳು ಒಂದು ಷರತ್ತು ಹಾಕಿವೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ, ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ಪ್ರಯೋಗವನ್ನು ನೋಂದಾಯಿಸಬೇಕು. ಇಲ್ಲದಿದ್ದರೆ ಫಲಿತಾಂಶ ಅಚ್ಚು ಹಾಕುವುದಿಲ್ಲ. ಕಂಪನಿಗಳಿಗೆ ತಮ್ಮ ಔಷಧದ ಮೇಲಿನ ಮೋಹ ಬಿಡಿ ಅಂತ ಈ ನಿಯಮ ಹೇಳುವುದಿಲ್ಲ. ಶುರುವಾದದ್ದೆಷ್ಟು, ವರದಿಯಾದದ್ದೆಷ್ಟು ಅಂತ ಹೊರಗಿನವರು ಎಣಿಸಬಹುದು. ಎಣಿಸುವವರು ಎಣಿಸುತ್ತಲೂ ಇದ್ದಾರೆ, ಎರಡೂ ಇನ್ನೂ ತಾಳೆಯಾಗಿಲ್ಲ.

ನಮಸ್ಕಾರ.